ಗಂಡಿನ ಕಡೆಯ ಮರ

ಅಮೆರಿಕದ ವಾಯವ್ಯ ಮೂಲೆಯ ಸರೋವರದ ದಡದ ಊರಾದ ಕೆನ್ಮೋರಿನ ನಾಗಲಿಂಗಪ್ಪನವರು ತಮ್ಮ ಹಿತ್ತಿಲಿನಲ್ಲಿ ವಿಂಡ್‌ಮಿಲ್ ಪಾಮ್ ನೆಟ್ಟದ್ದು ೨೦೧೧ನೆಯ ಇಸವಿ ಏಪ್ರಿಲ್ ೧೬, ಶನಿವಾರ. ಬೀಸಣಿಗೆಯಂಥ ಎಲೆ, ಕಾಂಡದ ತುಂಬ ಕಂದು ನಾರು. ಚಳಿ ತಾಳುವ ತಾಳೆಗಳಲ್ಲಿ ಗಟ್ಟಿ ಜಾತಿ. ಹಾಗೆಂದು ಇಲ್ಲಿ ಅದನ್ನು ಬೆಳೆಸುವುದು ನಿಶ್ಚಿಂತೆಯ ಕೆಲಸವಲ್ಲ. ಸರೋವರದ ಕೃಪೆಯಿಂದ ಚಳಿಗಾಲ ಮೆದುವಾಗಿಯೇ ಕಳೆಯುತ್ತದೆ. ಆದರೆ ಕೆಲವು ವರ್ಷಗಳಿಗೊಮ್ಮೆ ಉತ್ತರದ ಗಾಳಿ ಬೀಸಿ ಸುಳಿಯನ್ನೇ ಕೊಳೆಸಿಬಿಡಬಲ್ಲದು. ೨೦೧೯ರ ಫೆಬ್ರವರಿಯ ಹಿಮದಲ್ಲಿ ಅವರು ಪೊರಕೆ ಹಿಡಿದು ಎಲೆಗಳನ್ನು ಕೊಡವುತ್ತ ನಿಂತದ್ದನ್ನು ಅದೇ ಬೀದಿಯ ನಾನೇ ಕಂಡಿದ್ದೇನೆ.

ಹಾವೇರಿಯವರಾದ ಅವರು ಸೇತುವೆಗಳ ಇಂಜಿನಿಯರಾಗಿ ನಿವೃತ್ತರಾದವರು. ಬೇಲಿಯ ಆಚೆ ಮೈಸೂರಿನ ಸುಬ್ಬಣ್ಣನವರ ಮನೆ. ೨೦೧೩ರಲ್ಲಿ ಸುಬ್ಬಣ್ಣನವರಿಗೆ ಪಾಮ್ ನೆಡಲು ಹೇಳಿದವರೂ, ಗುಂಡಿಗೆ ಜಲ್ಲಿ ಹಾಕಿಸಿದವರೂ ನಾಗಲಿಂಗಪ್ಪನವರೇ. ಹೀಗಿರುವಾಗ ೨೦೧೯ರ ಅಕ್ಟೋಬರಿನಲ್ಲಿ ಶಿಷ್ಯನ ಮರ ನೀಲಿಗಪ್ಪು ಹಣ್ಣಿನ ಗೊಂಚಲು ಇಳಿಬಿಟ್ಟಿತು. ಗುರುವಿನ ಮರವಾದರೋ ಆ ವರ್ಷದ ಮೇ ತಿಂಗಳಿನಿಂದ ಹಳದಿ ಹೊಂಬಾಳೆ ಬಿಡತೊಡಗಿದ್ದರೂ ಜೂನ್ ಕೊನೆಗೆ ಎಲ್ಲವೂ ಒಣಗಿ ಉದುರಿತ್ತು. ಮುಂದಿನ ವರ್ಷಗಳಲ್ಲಿಯೂ ಹೀಗೆಯೇ.

ಆ ಹಣ್ಣು ತಿನ್ನಲು ಬರುವಂಥದಲ್ಲ. ನಾಗಲಿಂಗಪ್ಪನವರಿಗೆ ಬೇಕಾಗಿದ್ದುದು ಹೆಸರು. ಯುಗಾದಿಯ ಕೂಟದಲ್ಲಿ ಜನ ‘ಪಾಮ್ ಸುಬ್ಬಣ್ಣ’ ಎಂದು ಕರೆಯತೊಡಗಿದ್ದರು. ಕೇಳಿದಾಗಲೆಲ್ಲ ಇವರು ಎದ್ದು ನೀರು ಕುಡಿಯಲು ಹೋಗುತ್ತಿದ್ದರು.

“ಮಂದಿ ಗಿಡ ನೋಡಿ ಹೊಟ್ಟಿ ಉರಕೊಂಡ್ರ ನಮ್ಮ ಗಿಡ ಹಣ್ಣ ಬಿಡತೈತೇನ್ರಿ?” ಎಂದು ಪತ್ನಿ ಶಾಂತವ್ವ ಕೇಳಿದರು.

“ಹೊಟ್ಟಿ ಯಾರು ಉರಕೊಂಡಾರ? ಪಾಠ ಕಲಿಸಿದಾಂವ ನಾ, ಪಾಸಾದಾಂವ ಅಂವ. ಅಷ್ಟ.”

೨೦೨೩ರ ಮೇ ೨೦, ಶನಿವಾರ, ಹತ್ತಿರದ ಊರು ಸ್ನೊಕ್ವಾಲ್ಮಿಯಲ್ಲಿ ಪರಿಚಯದ ಶರ್ವಾಣಿಯ ಗೃಹಪ್ರವೇಶ. ಕಲಶದ ಬಳಿ ಇಡಲು ಹೊಂಬಾಳೆ ಸಿಕ್ಕೀತೇ ಎಂದು ಆಕೆ ಕೇಳಿದ್ದಳು. ಒಂದು ಸಾಕಾಗಿತ್ತು; ನಾಗಲಿಂಗಪ್ಪನವರು ಏಣಿ ಹತ್ತಿ, ಅರಳುವ ಮೊದಲೇ ಎಲ್ಲವನ್ನೂ ಕೊಯ್ದು ಒಯ್ದರು. ಬಂದವರೆಲ್ಲ ಮುಟ್ಟಿ ಮುಟ್ಟಿ ಮೆಚ್ಚಿದರು. ಸುಬ್ಬಣ್ಣನವರ ಹಣ್ಣಿನ ಮಾತನ್ನು ಅಂದು ಯಾರೂ ಎತ್ತಲಿಲ್ಲ.

ಆ ವರ್ಷ ಸುಬ್ಬಣ್ಣನವರ ಮರದಲ್ಲಿ ಒಂದು ಕಾಯಿಯೂ ಕಟ್ಟಲಿಲ್ಲ. ನಾಗಲಿಂಗಪ್ಪನವರು ಬೇಲಿಯ ಬಳಿ ವಿಷಾದ ಸೂಚಿಸಿ ಬಂದು, ಊಟದಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತಿಂದರೆಂದು ಶಾಂತವ್ವನವರ ಹೇಳಿಕೆ.

೨೦೨೪ರ ಏಪ್ರಿಲ್ ೧೪, ಭಾನುವಾರ, ಸುಬ್ಬಣ್ಣನವರು ಹಿತ್ತಿಲ ಬಾಗಿಲಿಗೆ ಬಂದರು.

“ಈ ಸಲ ದಯವಿಟ್ಟು ಹೊಂಬಾಳೆ ಕುಯ್ಬೇಡಿ. ನರ್ಸರೀಲಿ ಫೋಟೋ ತೋರಿಸ್ದೆ. ನಿಮ್ದು ಗಂಡು ಮರವಂತೆ, ನಮ್ದು ಹೆಣ್ಣು.”

“ಒಂದ ಹೊಂಬಾಳ್ಯಾಗ ಗಂಡು ಹೆಣ್ಣು ಎರಡೂ ಇರ್ತಾವಲ್ರಿ?”

“ಅದು ತೆಂಗಿನಲ್ಲಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಇದು ತೆಂಗಲ್ವಲ್ಲ ಸ್ವಾಮಿ.”

ತೆಂಗು ಕಂಡು ಬೆಳೆದ ಇಬ್ಬರಿಗೂ ಬೇರೆ ಯೋಚನೆಯೇ ಬಂದಿರಲಿಲ್ಲ. ನಾಗಲಿಂಗಪ್ಪನವರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಹೂವನ್ನು ಮರದಲ್ಲಿಯೇ ಬಿಟ್ಟರೆ ಹೆಸರು ಬೇಲಿಯ ಆಚೆಗೆ. ಕೊಯ್ದರೆ ಯಾರಿಗೂ ಇಲ್ಲ.

“ಅಂದ್ರ ನನ್ನ ಗಿಡಕ್ಕ ಎಂದೂ ಹಣ್ಣಾಗಂಗಿಲ್ಲ?”

“ಇಲ್ಲ.”

“ನಿಮ್ಮ ಗಿಡದಾಗ ಆಗಿದ್ದು ನನ್ನ ಗಿಡದಿಂದ?”

ಒಳಗಿನಿಂದ ಶಾಂತವ್ವ ಹೇಳಿದರು: “ಹಂಗಾದ್ರ ನಾವು ಗಂಡಿನ ಕಡ್ಯಾವರಾದ್ವಿ. ಬೀಗರು ಬಾಗಲಾಗ ನಿಂತಾರ, ಒಳಗ ಕರೀರಿ.”

ಸುಬ್ಬಣ್ಣನವರು ನಕ್ಕರು. ನಾಗಲಿಂಗಪ್ಪನವರು ನಗಲಿಲ್ಲ, ಆ ಮಾತನ್ನು ಗಟ್ಟಿಯಾಗಿ ಹಿಡಿದರು. “ಗಂಡಿನ ಕಡ್ಯಾವರಿಗೆ ಮರ್ಯಾದಿ ಆಗಬೇಕು. ನಾಕು ಮಂದ್ಯಾಗ ಇನ್ನ ‘ಪಾಮ್ ಸುಬ್ಬಣ್ಣ’ ಅನಿಸ್ಕೊಳ್ಳಂಗಿಲ್ಲ.”

“ಆಗ್ಲಿ ಬೀಗರೇ.”

ಹೊಂಬಾಳೆ ಮರದಲ್ಲಿಯೇ ಉಳಿಯಿತು. ಅಕ್ಟೋಬರಿನಲ್ಲಿ ಹಣ್ಣು ನೋಡಲು ಬಂದವರಿಗೆ ಸುಬ್ಬಣ್ಣನವರು ಮೊದಲು ಬೇಲಿಯ ಈಚಿನ ಬೀಗರ ಮರ ತೋರಿಸಿ, ನಂತರ ತಮ್ಮದನ್ನು ತೋರಿಸಿದರು. ಮೊದಲ ಕಾಫಿ ಬೀಗರಿಗೇ ಸಂದಿತು. ಅಷ್ಟಾದರೂ ಜನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡದ್ದು ಹಣ್ಣಿದ್ದ ಮರದ ಜೊತೆಗೆ. ಲೋಟ ತಣ್ಣಗಾಗುವವರೆಗೂ ನಾಗಲಿಂಗಪ್ಪನವರು ಅದನ್ನೇ ನೋಡುತ್ತಿದ್ದರು.

ನವೆಂಬರ್ ೯, ಶನಿವಾರ, ಬೀಗರ ಮನೆಯಿಂದ ಕೇಳಿ ತಂದ ಹಣ್ಣುಗಳ ಬೀಜವನ್ನು ಅವರು ಅಡುಗೆಮನೆಯ ಕಿಟಕಿಯ ಕುಂಡಗಳಲ್ಲಿ ಊರಿದರು. ಗಂಡೋ ಹೆಣ್ಣೋ ತಿಳಿಯಲು ಹೂ ಬಿಡುವವರೆಗೆ, ಎಂದರೆ ಬಹಳ ವರ್ಷ, ಕಾಯಬೇಕು. ಅವರಿಗೆ ಈಗ ಎಪ್ಪತ್ತಮೂರು.

“ಏನು ಬೀಗರೇ, ಇದು?” ಎಂದು ಕೇಳಿದರು ಸುಬ್ಬಣ್ಣನವರು.

“ಸೊಸಿ ತರಾಕ ಹತ್ತೇನಿ.”

“ಎಲ್ಲಾ ಗಂಡೇ ಆಗ್ಬಿಟ್ರೆ?”

“ಆಗಂಗಿಲ್ಲ” ಎಂದ ನಾಗಲಿಂಗಪ್ಪನವರು, ಬೀಗರ ದೃಷ್ಟಿ ತಾಗದಂತೆ ಕುಂಡಗಳಿಗೆ ಅಡ್ಡವಾಗಿ ನಿಂತರು.