ರೋಮನ್ ಗೋರಿ ನೋಡಲು ಹೊರಟ ದಿನ ಅತ್ತೆ ಹಿಂದೆ ಉಳಿದದ್ದು

ಇದಾಗಿ ಒಂದು ವರ್ಷವಾಗುತ್ತ ಬಂತು. ಸಿಟ್ಟು ಇಳಿದಿದೆ ಎಂದು ಆಗಾಗ ಅನ್ನಿಸುತ್ತದೆ. ಬರೆಯಲು ಕೂತರೆ ಗೊತ್ತಾಗುತ್ತದೆ, ಇಳಿದಿಲ್ಲ.

ನನ್ನ ಅತ್ತೆ ವಿಜಯಪುರದ ಸರಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಪುಸ್ತಕ ತೆರೆಯದೆ, ಒಂದೇ ಗೆರೆಯಲ್ಲಿ, ಬೋರ್ಡಿನ ಮೇಲೆ ಇಟಲಿಯ ನಕ್ಷೆ ಬಿಡಿಸುತ್ತಿದ್ದರಂತೆ. ಹೋದ ವರ್ಷ ತಮ್ಮ ಮಗಳ ಮನೆಯಿಂದ ಆರು ತಿಂಗಳಿಗೆಂದು ಲಂಡನ್ನಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಲಂಡನ್ನಿನ ಅಂಚಿನಲ್ಲಿ, ಕೆಸ್ಟನ್ ಎಂಬ ಹಳ್ಳಿಯ ಹತ್ತಿರ, ರೋಮನ್ನರ ಗೋರಿಗಳು ಉಳಿದಿವೆ, ಕಾಡಿನ ದಾರಿಯಲ್ಲಿ ನಡೆದು ಹೋಗಿ ನೋಡಬಹುದು ಎಂದು ನನ್ನ ಗಂಡ ಹೇಳಿದ್ದೇ ತಡ, ಅವರು ನನ್ನ ಶೂ ಹಾಕಿಕೊಂಡು ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಡೆಯಲು ಶುರು ಮಾಡಿದರು. ಎರಡು ವಾರ ಬಿಡದೆ ನಡೆದರು. ಅರವತ್ತೊಂಬತ್ತು ವರ್ಷ, ಎಡ ಮೊಣಕಾಲು ನೋವು.

ನನ್ನ ಗಂಡನಿಗೆ ಒಂದು ನಡಿಗೆಯ ಗುಂಪಿದೆ. ಹೆಚ್ಚಿನವರು ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಬಂದವರು. ತಿಂಗಳಿಗೊಮ್ಮೆ ಎಲ್ಲಾದರೂ ಹೊರಡುತ್ತಾರೆ, ಮುಂದಾಳು ಇವರು. ಕೈಗಡಿಯಾರ ನೋಡುತ್ತ, ಮೈಲಿಗೆ ಇಷ್ಟು ನಿಮಿಷ ಎಂದು ಕೂಗುತ್ತ ಮುಂದೆ ಹೋಗುವುದು ಇವರ ಖುಷಿ. ಮನೆಯಲ್ಲಿ ‘ಅವ್ವಾ’ ಎನ್ನುವವರು ಆ ಗುಂಪಿನೆದುರು ‘ಅಮ್ಮ’ ಎನ್ನುತ್ತಾರೆ. ಭಾಷೆಯೇ ಬದಲಾಗಿಬಿಡುತ್ತದೆ. ಅದಕ್ಕೆ ನಾನು ಯಾವತ್ತೂ ಏನೂ ಅಂದಿರಲಿಲ್ಲ.

ಗೋರಿಗಳಿರುವುದು ಖಾಸಗಿ ಜಾಗದಲ್ಲಿ, ದಿನಾ ತೆರೆದಿರುವುದಿಲ್ಲ. ಸೆಪ್ಟೆಂಬರಿನ ಆ ಶನಿವಾರ ಮಧ್ಯಾಹ್ನ ಮೂರರವರೆಗೆ ತೆರೆದಿತ್ತು. ಹೇಯ್ಸ್ ಸ್ಟೇಷನ್ನಿನಲ್ಲಿ ಇಳಿದು ನಡೆಯತೊಡಗಿದೆವು. ಹಿಂದಿನ ರಾತ್ರಿ ಮಳೆಯಾಗಿತ್ತು. ಬರ್ಚ್ ಮರಗಳ ನಡುವೆ ಕೆಸರಿನ ಕಾಲುದಾರಿ, ಎರಡೂ ಕಡೆ ಕೆಂಪಾಗುತ್ತಿದ್ದ ಜರಿಗಿಡ, ಮೇಲೆ ತೊಳೆದಿಟ್ಟಂಥ ಬಿಸಿಲು. ಅತ್ತೆ ಸೀರೆ ಬಿಟ್ಟು ಚೂಡಿದಾರ್ ಹಾಕಿದ್ದರು. ಮೊದಲ ಅರ್ಧ ಗಂಟೆ ನಾನು ಅವರ ಜೊತೆಗೇ ಇದ್ದೆ.

“ನೀ ಮುಂದ ಹೋಗವಾ, ನಾ ಸಾವಕಾಶ ಬರ್ತೀನಿ,” ಎಂದರು.

ಹೋದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹೋದೆ. ಮುಂದೆ ಇಬ್ಬರು ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು, ಅವರ ಜೊತೆ ಸೇರಿದೆ. ಮುಕ್ಕಾಲು ಗಂಟೆ ಹಿಂದೆ ತಿರುಗಿ ನೋಡಲಿಲ್ಲ.

ಕೆಸ್ಟನ್ನಿನ ಕೆರೆಗಳ ಹತ್ತಿರ ಎಲ್ಲರೂ ನಿಂತು ಫೋಟೋ ತೆಗೆದುಕೊಂಡಾಗಲೇ ನನಗೆ ಅತ್ತೆ ಇಲ್ಲದ್ದು ಕಂಡದ್ದು.

“ಅತ್ತಿ ಎಲ್ಲಿ?” ಎಂದೆ.

“ಬರ್ತಾರೆ,” ಎಂದರು ನನ್ನ ಗಂಡ, ಗಡಿಯಾರ ನೋಡುತ್ತ. “ದಾರಿ ನೇರ ಇದೆ. ನಿಧಾನವಾಗಿ ಬರ್ತಾರೆ. ಒಂದೂವರೆಗೆ ಪಬ್ಬಿನಲ್ಲಿ ಟೇಬಲ್ ಹೇಳಿದ್ದೀನಿ, ಅಷ್ಟರಲ್ಲಿ ಗೋರಿ ಮುಗಿಸಬೇಕು.”

ಗೋರಿ ‘ಮುಗಿಸಬೇಕು’! ಗುಂಪಿನಲ್ಲಿ ಒಬ್ಬ, “ಹಂಪಿ ನೋಡಿದವರಿಗೆ ಇದೇನು ಮಹಾ ಬಿಡಿ,” ಎಂದ. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ನಾನು ಬಂದ ದಾರಿಗೆ ತಿರುಗಿದೆ. “ಏಯ್, ಎಲ್ಲಿಗೆ?” ಎಂದು ನನ್ನ ಗಂಡ ಕೂಗಿದ್ದು ಕೇಳಿಸಿತು. ಯಾರೂ ಜೊತೆಗೆ ಬರಲಿಲ್ಲ.

ಇಪ್ಪತ್ತು ನಿಮಿಷ ಹಿಂದಕ್ಕೆ ನಡೆದೆ. ರಸ್ತೆಯ ಪಕ್ಕ ಕಾರು ನಿಲ್ಲಿಸುವ ಜಾಗದ ಹತ್ತಿರ ಬಿದ್ದ ಮರದ ದಿಮ್ಮಿಯ ಮೇಲೆ ಅತ್ತೆ ಕೂತಿದ್ದರು. ಚೂಡಿದಾರ್ ಒಂದು ಮಗ್ಗುಲು ಪೂರಾ ಕೆಸರು. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದರು. ಪಕ್ಕದಲ್ಲಿ ನಾಯಿ ಹಿಡಿದುಕೊಂಡ ಒಬ್ಬ ಬಿಳಿಯ ಹೆಂಗಸು ನಿಂತಿದ್ದರು. ಅವರ ಫ್ಲಾಸ್ಕಿನ ಚಹಾ ಅತ್ತೆಯ ಕಾಲ ಬಳಿ ಇತ್ತು.

“ಇವರು ನಿಮ್ಮ ಕಡೆಯವರಾ?” ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. “ಬಿದ್ದು ಅರ್ಧ ಗಂಟೆಯಾಯಿತು. ಆಂಬುಲೆನ್ಸ್ ಬೇಡ, ಮಗ ಬರುತ್ತಾನೆ ಅನ್ನುತ್ತಾರೆ. ನಿಮ್ಮವರು ಯಾರೂ ಹಿಂತಿರುಗಿ ನೋಡಲಿಲ್ಲವೇ?”

ಅತ್ತೆಯ ಪಕ್ಕ ಕುಕ್ಕರಿಸಿದೆ. ಕೈ ಮುಟ್ಟಿದೆ, ಅತ್ತೆ ಹಲ್ಲು ಕಚ್ಚಿದರು. ಮಣಿಕಟ್ಟು ಆಗಲೇ ಬಾತಿತ್ತು.

“ಫೋನ್ ಮಾಡಬೇಕಿಲ್ಲೇನ್ರಿ ಅತ್ತಿ?”

“ಮಾಡೀನವಾ. ಅಂವಗ ಕೆಲಸ ಇತ್ತೋ ಏನೋ.”

ಅವರ ಫೋನ್ ತೆಗೆದು ನೋಡಿದೆ. ಮಗನಿಗೆ ಸಾಲಾಗಿ ಕರೆಗಳು. ಕೆಳಗೆ ಮಗನಿಂದ ಒಂದು ಸಂದೇಶ, ನಾವು ಕೆರೆ ತಲುಪುವ ಮೊದಲೇ ಬಂದದ್ದು: ‘ದಾರಿ ನೇರ ಇದೆ, ಬಾ.’ ಅಂದರೆ ಕೆರೆಯ ಹತ್ತಿರ ನಾನು ಕೇಳಿದಾಗ ನನ್ನ ಗಂಡನಿಗೆ ಗೊತ್ತಿತ್ತು. ತಾಯಿ ಕರೆಯುತ್ತಿದ್ದಾರೆಂದು ಗೊತ್ತಿದ್ದೇ ಫೋನ್ ಕಟ್ ಮಾಡಿದ್ದರು.

“ಅಂವಗ ಏನೂ ಅನಬ್ಯಾಡ,” ಎಂದರು ಅತ್ತೆ, ನನ್ನ ಮುಖ ನೋಡಿ. ಆ ಕ್ಷಣ ನನಗೆ ಅವರ ಮೇಲೂ ಸಿಟ್ಟು ಬಂತು. ಮುರಿದ ಕೈ ಹಿಡಿದುಕೊಂಡು ಮಗನ ಮಾನ ಕಾಯುವುದೆಂದರೇನು!

ನನ್ನ ದುಪಟ್ಟಾ ಹರಿದು ಅವರ ಕೈಗೆ ಜೋಳಿಗೆಯ ಹಾಗೆ ಕಟ್ಟಿದೆ. “ನಡೀರಿ, ಆಸ್ಪತ್ರೆಗೆ ಹೋಗೂಣು,” ಎಂದೆ.

“ಮೊದಲ ಗೋರಿ. ಆಮ್ಯಾಲೆ ಆಸ್ಪತ್ರಿ.”

“ಅತ್ತಿ, ಕೈ ನೋಡ್ಕೋರಿ!”

“ಕೈ ಎಲ್ಲಿಗೂ ಹೋಗೂದಿಲ್ಲ. ಅದು ಮೂರಕ್ಕ ಮುಚ್ಚತದ.” ಮೂವತ್ತು ವರ್ಷ ಮಕ್ಕಳನ್ನು ಕೂಡ್ರಿಸಿದ ದನಿ ಅದು. ನಾಯಿಯ ಹೆಂಗಸಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ನಮ್ಮಿಬ್ಬರನ್ನೂ ತಮ್ಮ ಕಾರಿನಲ್ಲಿ ಕೂಡ್ರಿಸಿಕೊಂಡು ಗೋರಿಯ ದಾರಿಯ ತನಕ ತಂದು ಬಿಟ್ಟರು.

ನಮ್ಮ ಗುಂಪು ಬಂದು ಹೋಗಿಯಾಗಿತ್ತು. ಮರಗಳ ನಡುವಿನ ಇಳಿಜಾರಿನಲ್ಲಿ ಕಲ್ಲಿನ ಒಂದು ದೊಡ್ಡ ದುಂಡು ಗೋಡೆ, ಮೊಣಕಾಲಿಗಿಂತ ಸ್ವಲ್ಪ ಎತ್ತರ. ಸುತ್ತಲೂ ಗೋಡೆಗೆ ಆನಿಸಿದ ಕಂಬದಂಥ ಕಟ್ಟುಗಳು. ಪಕ್ಕದಲ್ಲಿ ಚಿಕ್ಕದೊಂದು ಚೌಕ ಗೋರಿ. ಅಷ್ಟೇ. ಅತ್ತೆ ಸುತ್ತು ಹಾಕಿದರು, ಬಗ್ಗಿ ಎಡಗೈಯಿಂದ ಕಲ್ಲು ಮುಟ್ಟಿದರು. ತೋರಿಸಲು ನಿಂತಿದ್ದ ವಯಸ್ಸಾದ ಸ್ವಯಂಸೇವಕರನ್ನು ತಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: “ಇಲ್ಲಿ ಯಾರನ್ನು ಹೂಳಿದ್ದರು?”

“ಹೆಸರು ಗೊತ್ತಿಲ್ಲ, ಮೇಡಂ. ಇಲ್ಲೇ ಹತ್ತಿರ ಮನೆ ಮಾಡಿಕೊಂಡಿದ್ದ ಅನುಕೂಲಸ್ಥ ಕುಟುಂಬದವರು ಇರಬೇಕು.”

ಅತ್ತೆ ನನ್ನ ಕಡೆ ತಿರುಗಿದರು. “ರೋಮ್ ಅಂದ್ರ ಬರೇ ಸೈನ್ಯ, ಯುದ್ಧ, ರಸ್ತೆ ಅಂತ ಪಾಠ ಮಾಡಿದೆ ನೋಡು. ಅವರ ಮನ್ಯಾಗೂ ಮಂದಿ ಸತ್ತರು, ಅತ್ತರು ಅಂತ ಒಂದ ಸಲಾನೂ ಹೇಳಲಿಲ್ಲ.”

ಅವರ ಕಣ್ಣು ಒದ್ದೆಯಾಗಿತ್ತು. ಕೈನೋವಿಗೋ ಏನೋ, ಕೇಳಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಬಂದರು. ನಾನು ಕಾರಿನಲ್ಲಿ ಕೂತಾಗ ಎರಡೇ ಸಾಲು ಸಂದೇಶ ಹಾಕಿದ್ದೆ. ಹಿಂದೆ ಗುಂಪಿನ ನಾಲ್ಕೈದು ಜನ.

“ಅಯ್ಯೋ ಅಮ್ಮ, ಏನಾಯ್ತು? ಒಂದು ಫೋನ್ ಮಾಡೋದಲ್ವಾ?”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಅವರನ್ನು ‘ನೀವು’ ಎಂದೇ ಕರೆದವಳು. ಅವತ್ತು ಬಾಯಿಗೆ ಬಂದದ್ದು ಬೇರೆ.

“ಮಾಡ್ಯಾರ! ನೀ ಕಟ್ ಮಾಡಿದಿ. ಅವರು ಕೆಸರಾಗ ಬಿದ್ದು ಒದರತಿದ್ರು, ನೀ ದಾರಿ ನೇರ ಅದ ಅಂತ ಬರದಿ. ಯಾರ ಮುಂದ ದೊಡ್ಡಾಂವ ಆಗಬೇಕಾಗಿತ್ತು ನಿನಗ?”

ಗುಂಪಿನವರು ನೆಲ ನೋಡಿದರು. ನನ್ನ ಗಂಡನ ಮುಖ ಕೆಂಪಾಯಿತು. “ನೀನೂ ಮುಂದೆನೇ ಇದ್ದೆಯಲ್ಲ,” ಎಂದರು ಮೆಲ್ಲಗೆ. “ನೀನು ತಿರುಗಿ ನೋಡಿದೆಯಾ?”

ಅದು ನಿಜ. ನಿಜವಾದ್ದರಿಂದಲೇ ಇನ್ನೂ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ಸಾಕು. ಮಂದಿ ಮುಂದ ಬ್ಯಾಡ,” ಎಂದರು. ಆಸ್ಪತ್ರೆಯಲ್ಲಿ ಸರದಿಗಾಗಿ ಮೂವರೂ ಐದು ಗಂಟೆ ಕೂತೆವು. ಮೂಳೆ ಎರಡು ಕಡೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಅಷ್ಟು ದಿನವೂ ಅವರಿಗೆ ತಲೆ ಬಾಚಿದೆ, ರೊಟ್ಟಿ ಮುರಿದು ತಟ್ಟೆಗೆ ಹಾಕಿದೆ. ಹಾಗೆ ಮಾಡುವಾಗೆಲ್ಲ ನನ್ನ ಮೇಲೆ ನನಗೇ ಹೇಸಿಗೆ.

ದೀಪಾವಳಿಗೆ ಲಂಡನ್ನಿನ ಇನ್ನೊಂದು ತುದಿಯ ಎಜ್‌ವೇರಿನಲ್ಲಿ ಪರಿಚಯದ ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟದ ಹೊತ್ತಿಗೆ ಯಾರೋ ಅತ್ತೆಯ ಕೈ ಕೇಳಿದರು. ನನ್ನ ಗಂಡ ನಗುತ್ತ, “ನಮ್ಮಮ್ಮನಿಗೆ ರೋಮನ್ನರ ಹುಚ್ಚು. ಬಿದ್ದರೂ ಬಿಡಲಿಲ್ಲ, ಕೈ ಕಟ್ಟಿ ಕರೆದುಕೊಂಡು ಹೋಗಿ ತೋರಿಸಿದ್ವಿ,” ಎಂದು ಕಥೆ ಶುರು ಮಾಡಿದರು.

ನಾನು ತಟ್ಟೆ ಕೆಳಗಿಟ್ಟೆ. “ತೋರಿಸಿದ್ವಿ ಅಲ್ಲ,” ಎಂದೆ. “ನೀವು ಪಬ್ಬಿನಲ್ಲಿ ಇದ್ದಿರಿ.” ನಡೆದದ್ದನ್ನು ನಡೆದ ಹಾಗೆ ಹೇಳಿದೆ, ನಾನು ತಿರುಗಿ ನೋಡದ್ದನ್ನೂ ಸೇರಿಸಿ. ಅತ್ತೆ ತಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಹೋಳಿಗೆ ತಿನ್ನುತ್ತ ಸುಮ್ಮನೆ ಕೇಳಿದರು. ಕೊನೆಗೆ, “ಆಕಿ ಹೇಳಿದ್ದು ಖರೆ ಅದ,” ಎಂದರು.

ಮುಂದಿನ ಶನಿವಾರ ಅತ್ತೆಯೇ ಹೊರಡಿಸಿದರು. ಗ್ರೀನಿಚ್ ಪಾರ್ಕಿನಲ್ಲಿ ರೋಮನ್ ಗುಡಿಯ ನೆಲದ ತುಂಡೊಂದು ಉಳಿದಿದೆಯಂತೆ, ಅದನ್ನು ನೋಡಬೇಕು ಎಂದರು. ನಾವಿಬ್ಬರೂ ಕೋಟು ಹಾಕಿಕೊಳ್ಳುತ್ತಿದ್ದಾಗ ನನ್ನ ಗಂಡ ಶೂ ಕಟ್ಟಿಕೊಂಡು ಬಾಗಿಲಿಗೆ ಬಂದರು.

“ಅವ್ವಾ, ನಾನೂ ಬರ್ಲೇನು?”

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು.

“ಬ್ಯಾಡಪಾ,” ಎಂದರು. “ನೀ ಭಾಳ ಲಗೂ ನಡೀತಿ.”

ನಾನು ಬಾಗಿಲು ಎಳೆದುಕೊಂಡೆ.