ಐದನೇ ರೊಟ್ಟಿ

ಬಸ್ಸಿನಲ್ಲಿ ನಾನು ನಿದ್ದೆ ಮಾಡುವುದಿಲ್ಲ. ಕಣ್ಣು ಮುಚ್ಚಿರುತ್ತೇನೆ, ಅಷ್ಟೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶಕ್ಕೆ, ಇಪ್ಪತ್ತಾರು ವರ್ಷದಿಂದ ಇದೇ ತಿರುಗಾಟ. ಅಲ್ಲೊಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಗಾರರ ಹಾಜರಿ ನೋಡಿಕೊಳ್ಳುತ್ತೇನೆ. ಉಳಿದ ಹೊತ್ತಿನಲ್ಲಿ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರ ಪ್ರೇಮದ ಕಾದಂಬರಿ ಬರೆಯುತ್ತೇನೆ. ಮೂವತ್ತಕ್ಕೂ ಹೆಚ್ಚು ಬರೆದಿದ್ದೇನೆ. ನನಗೀಗ ಐವತ್ತೆರಡು. ಆ ವಯಸ್ಸಿನವರ ಮಾತು ನನಗೆ ಎಲ್ಲಿಂದ ಬರಬೇಕು? ಅದಕ್ಕೇ ಲೇಡೀಸ್ ಸೀಟಿನಲ್ಲಿ ಕಣ್ಣು ಮುಚ್ಚಿ ಕೂಡುತ್ತೇನೆ. ಮುದುಕಿ ಮಲಗಿದ್ದಾಳೆ ಎಂದುಕೊಂಡರೆ ಹುಡುಗಿಯರು ಏನು ಬೇಕಾದರೂ ಮಾತಾಡುತ್ತಾರೆ.

ಧಾರವಾಡದಲ್ಲಿ ಕಲ್ಲು ಒಗೆದರೆ ಯಾರಾದರೂ ಕವಿಯ ಮನೆ ಮೇಲೆ ಬೀಳುತ್ತದಂತೆ. ನನ್ನ ಮನೆ ಹುಬ್ಬಳ್ಳಿಯಲ್ಲಿದೆ, ಹಾಗಾಗಿ ಬಚಾವಾಗಿದ್ದೇನೆ. ಒಮ್ಮೆ ಒಂದು ಕಾಲೇಜಿನ ವೇದಿಕೆಯ ಮೇಲೆ ಪ್ರೊಫೆಸರರೊಬ್ಬರು, ನಾನು ಪಕ್ಕದ ಕುರ್ಚಿಯಲ್ಲಿ ಕೂತಿರುವಾಗಲೇ, ಇಂಥ ಪುಸ್ತಕ ಓದಲು ತಲೆ ಬೇಕಾಗಿಲ್ಲ ಎಂದರು. ಸಿಟ್ಟು ನೆತ್ತಿಗೇರಿತು. ಇನ್ನೂ ಇಳಿದಿಲ್ಲ. ಆದರೆ ಭಾಷಣ ಮುಗಿದ ಮೇಲೆ ಅವರ ಹಿಂದೆ ಯಾರೂ ಹೋಗಲಿಲ್ಲ, ಹುಡುಗಿಯರೆಲ್ಲ ನನ್ನನ್ನೇ ಮುತ್ತಿಕೊಂಡರು. ಕೆಲವರು ಅಂಗೈ ಮೇಲೂ ಸಹಿ ಹಾಕಿಸಿಕೊಂಡರು. ಎಲ್ಲರದೂ ಒಂದೇ ಪ್ರಶ್ನೆ, "ಮೇಡಂ, ಇದು ಖರೇ ಆಗಿದ್ದೇನ್ರಿ?" ನಾನು ಹೌದೆನ್ನುವುದಿಲ್ಲ, ಇಲ್ಲವೆನ್ನುವುದಿಲ್ಲ, ಸುಮ್ಮನೆ ನಗುತ್ತೇನೆ. ನನ್ನ ಹೆಸರು ಅರ್ಧ ನಡೆಯುವುದು ಆ ನಗೆಯ ಮೇಲೆ.

ಕಳೆದ ವರ್ಷದ ಧಾರಾವಾಹಿಗೆ ಹುಡುಗಿ ಸಿಕ್ಕಿದ್ದೂ ಬಸ್ಸಿನಲ್ಲಿಯೇ. ಹುಬ್ಬಳ್ಳಿ ಪಕ್ಕದ ಗಬ್ಬೂರಿನವಳು, ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ದಿನಾ ಗೆಳತಿಯ ಜೊತೆ ನನ್ನ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದಳು. ಕಾಲೇಜಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ ಒಬ್ಬ ಹುಡುಗನಿದ್ದ. ಎಷ್ಟೇ ಗದ್ದಲವಿದ್ದರೂ ಅವಳ ಜರ್ನಲ್ ಮೊದಲು ಬೈಂಡ್ ಮಾಡಿ ಕೊಡುತ್ತಿದ್ದ. ಅವನ ಊರು ದೂರ, ರೂಮಿನಲ್ಲಿ ಒಬ್ಬನೇ ಇರುತ್ತಿದ್ದ, ಮಧ್ಯಾಹ್ನ ಬನ್ನು ತಿನ್ನುತ್ತಿದ್ದ. ಇವಳು ಮನೆಯಲ್ಲಿ ನಾಲ್ಕು ರೊಟ್ಟಿಯ ಬದಲು ಐದು ಕಟ್ಟಿಸಿಕೊಳ್ಳಲು ಶುರುಮಾಡಿದಳು.

"ಅವ್ವ ಏನರ ಅಂದ್ಲೇನ?" ಎಂದು ಗೆಳತಿ ಕೇಳಿದಳು.

"ಹಸಿವು ಭಾಳ ಆಗಾಕತ್ತೈತಿ ಅಂದೆ. ಹುಡುಗಿ ಮೈ ಹಿಡಿಲಿಕತ್ತಾಳ ಅಂತ ಖುಷಿ ಆಗ್ಯಾಳ ಪಾಪ."

ಕಣ್ಣು ಮುಚ್ಚಿಕೊಂಡೇ ನನಗೆ ಮೈ ಝುಂ ಎಂದಿತು. ಇಂಥದ್ದು ಕೂತು ಯೋಚಿಸಿದರೆ ಹೊಳೆಯುವುದಿಲ್ಲ. ಆಫೀಸು ಮುಟ್ಟಿದ ಕೂಡಲೇ ಹಾಜರಿ ಹಾಳೆಯ ಹಿಂದೆ ಬರೆದುಕೊಂಡೆ. ವಾರಪತ್ರಿಕೆಯಲ್ಲಿ ಧಾರಾವಾಹಿ ಶುರುವಾಯಿತು. ಐದನೇ ರೊಟ್ಟಿಯ ಕಂತು ಬಂದ ವಾರ ಫೋನು ಬಿಸಿಯಾಗುವಷ್ಟು ಮೆಸೇಜು ಬಂದವು. ಸಂಪಾದಕರು, "ಹಿಂಗs ನಡೀಲಿ ಮೇಡಂ, ಓಡಸ್ರಿ ಇಬ್ಬರನ್ನೂ" ಎಂದರು. ನಾನೂ ಓಡಿಸಲು ಹೊರಟೆ. ಕಥೆಯ ಹುಡುಗಿ ಕಾಲೇಜಿನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ ತುರುಕಿದಳು. ಮರುವಾರ ರೇಲ್ವೆ ಟಿಕೆಟ್ಟು ತೆಗೆಸಿದಳು. ಇದೆಲ್ಲ ನನ್ನ ಕಲ್ಪನೆ. ಬಸ್ಸಿನ ಹುಡುಗಿ ಇಂಥ ಮಾತು ಒಂದು ದಿನವೂ ಆಡಿರಲಿಲ್ಲ.

ಆಮೇಲೆ ಅವಳು ಬಸ್ಸಿಗೆ ಬರುವುದು ನಿಂತಿತು. ಒಂದು ವಾರವಾಯಿತು, ಹತ್ತು ದಿನವಾಯಿತು. ಗೆಳತಿ ಒಬ್ಬಳೇ ಹತ್ತುತ್ತಿದ್ದಳು. ನಾನು ದಿನಾ ಹಿಂದಿನ ಸೀಟಿನತ್ತ ತಿರುಗಿ ನೋಡುತ್ತಿದ್ದೆ. ಕೊನೆಗೊಂದು ದಿನ ಆ ಗೆಳತಿ ಬಂದು ನನ್ನ ಪಕ್ಕದಲ್ಲೇ ಕೂತಳು. ಪತ್ರಿಕೆಯಲ್ಲಿ ನನ್ನ ಫೋಟೋ ನೋಡಿದ್ದಳಂತೆ.

"ಆ ಕಥಿ ಬರಿಯಾಕಿ ನೀವs ಅಲ್ಲೇನ್ರಿ? ಮಲಕೊಂಡಂಗ ಮಾಡಿ ಎಲ್ಲಾ ಕೇಳಸ್ಕೋತಿದ್ರಿ ಹೌದಲ್ರಿ?"

ನಾನು ಬ್ಯಾಗು ಸರಿಸಿ ಅವಳ ಕಡೆ ತಿರುಗಿದೆ.

"ಆಕಿ ಅವ್ವ ನಿಮ್ಮ ಪುಸ್ತಕಾ ಒಂದೂ ಬಿಡೂದಿಲ್ಲರಿ. ಐದನೇ ರೊಟ್ಟಿ ಓದಿ, ಇದು ನನ್ನ ಮಗಳ ಕಥಿನ ಅಂದ್ಲು. ರೊಟ್ಟಿ ಖರೇ ಅಂದಮ್ಯಾಲೆ ಟಿಕೀಟೂ ಖರೇನ ಇರಬೇಕು ಅಂತ ಕಾಲೇಜು ಬಿಡಿಸಿ ಮನ್ಯಾಗ ಕುಂಡ್ರಿಸ್ಯಾಳ. ಆಕಿ ಅಪ್ಪನ ಮುಂದ, ಮಗಳಿಗೆ ಆರಾಮಿಲ್ಲ ಅಂತ ಸುಳ್ಳು ಹೇಳ್ಯಾಳ. ಅವರಿಗೆ ಗೊತ್ತಾತಂದ್ರ ಲಗೂನ ಲಗ್ನಾ ಮಾಡಿ ಕೊಟ್ಟಬಿಡ್ತಾರ. ಇನ್ನ ಹದಿನೈದು ದಿನಕ್ಕ ಪ್ರಾಕ್ಟಿಕಲ್ ಅದಾವರಿ. ಆ ಹುಡುಗನ ಜೋಡಿ ಆಕಿ ಒಂದು ಕಪ್ಪು ಚಾನೂ ಕುಡದಿಲ್ಲ, ನೀವು ಟಿಕೀಟು ತಗಸೀರಿ."

ಆ ದಿನ ಧಾರವಾಡದಲ್ಲಿ ಇಳಿದವಳು ಬೇಲೂರಿನ ಬಸ್ಸು ಹತ್ತಲಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಅತ್ತಿಂದಿತ್ತ ತಿರುಗಿದೆ. ಚಹಾ ತೆಗೆದುಕೊಂಡು ಕುಡಿಯದೆ ಇಟ್ಟೆ. ಪ್ರೊಫೆಸರರ ಮೇಲೆ ಇಷ್ಟು ವರ್ಷ ಕಾಯ್ದಿಟ್ಟ ಸಿಟ್ಟೆಲ್ಲ ಆವತ್ತು ನನ್ನ ಮೇಲೇ ತಿರುಗಿತು. ಅಲ್ಲ, ಒಂದು ರೊಟ್ಟಿಯನ್ನಾದರೂ ಬದಲಿಸಬಾರದಿತ್ತೇ? ಚಪಾತಿ ಎಂದು ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಭಾನುವಾರ ಗೆಳತಿಯನ್ನು ಕರೆದುಕೊಂಡು ಗಬ್ಬೂರಿಗೆ ಹೋದೆ. ಹುಡುಗಿಯ ಅಪ್ಪ ಬೈಪಾಸ್ ಹತ್ತಿರದ ತನ್ನ ಕಿರಾಣಿ ಅಂಗಡಿಯಲ್ಲಿದ್ದ. ಅವ್ವ ಬಾಗಿಲಲ್ಲಿ ನನ್ನ ಗುರುತು ಹಿಡಿದು ಕೈ ಮುಗಿದಳು. ನಾನು ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವಳು ಚಾಪೆ ಹಾಸಿ, ಚುರುಮುರಿ ಸೂಸಲ ಕಲಸಿ ತಟ್ಟೆಯಲ್ಲಿಟ್ಟಳು. ಟ್ರಂಕು ತೆಗೆದು, ಮದುವೆಯಾಗಿ ಬಂದ ವರ್ಷದಿಂದ ಕತ್ತರಿಸಿ ಹೊಲಿದಿಟ್ಟ ನನ್ನ ಧಾರಾವಾಹಿಗಳ ಕಟ್ಟು ತಂದು ಮುಂದಿಟ್ಟಳು. ಅಂಚು ಸವೆದಿದ್ದವು. ಯಾವ ಸನ್ಮಾನದ ಶಾಲನ್ನೂ ನಾನು ಅಷ್ಟು ಜೋಪಾನವಾಗಿ ಇಟ್ಟಿಲ್ಲ. ಹುಡುಗಿ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

"ಅಕ್ಕಾರ, ಆ ಕಥೆಯೆಲ್ಲ ಸುಳ್ಳು. ನಾನೇ ಕಟ್ಟಿದ್ದು" ಎಂದೆ.

"ಐದನೇ ರೊಟ್ಟಿನೂ ಸುಳ್ಳೇನ್ರಿ?"

ಸುಳ್ಳೆಂದರೆ ಅವಳು ನಂಬುವುದಿಲ್ಲ, ಐದನೆಯ ರೊಟ್ಟಿಯನ್ನು ತಟ್ಟಿದವಳೇ ಅವಳು. ಖರೇ ಎಂದರೆ ಮಗಳನ್ನು ನಾನೇ ಹಿಡಿದುಕೊಟ್ಟ ಹಾಗೆ. "ಟಿಕೆಟ್ಟು ಸುಳ್ಳು, ದೇವರಾಣೆ" ಎಂದೆ.

"ಮೂವತ್ತು ವರ್ಷ ಆತು ನಿಮ್ಮನ್ನ ಓದಾಕತ್ತು. ನನ್ನ ಮನಸಿನ್ಯಾಗಿಂದು ನಿಮಗ ಹ್ಯಾಂಗ ಗೊತ್ತಾಕ್ಕೈತಿ ಅಂತ ಪ್ರತಿ ಸಲಾ ಅನಕೋತೇನಿ. ಸುಳ್ಳು ಅಂತ ಹೇಳಬ್ಯಾಡ್ರಿ." ಮಗಳ ಕಡೆ ನೋಡಿ ದನಿ ತಗ್ಗಿಸಿದಳು. "ಆಕಿ ನನ್ನ ಮಾತು ಕೇಳಂಗಿಲ್ಲರಿ. ನೀವು ಬರದ್ರ ಕೇಳ್ತಾಳ. ಆ ಕಥ್ಯಾಗಿನ ಹುಡುಗೀನ್ನ ಮನಿಗೆ ಹೊಳ್ಳಿ ಕರಕೊಂಡು ಬರ್ರಿ. ಅದನ್ನ ಓದಿದ ಮರುದಿನಾನ ಇಕಿನ್ನ ಕಾಲೇಜಿಗೆ ಕಳಸ್ತೇನಿ. ನನ್ನ ಮ್ಯಾಲೆ ಭರೋಸ ಇಡ್ರಿ."

ಮನೆಗೆ ಬಂದು ಬರೆಯಲು ಕೂತೆ. ಕೂತಲ್ಲಿ ಕೂಡಲಾಗಲಿಲ್ಲ. ನಾಲ್ಕು ಸಾಲು ಬರೆದು ಏಳುವುದು, ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುವುದು, ಮತ್ತೆ ಬಂದು ಹರಿದು ಹಾಕುವುದು. ಹದಿನಾಲ್ಕು ವಾರ ಹುಡುಗಿಯ ಕೈ ಹಿಡಿದು ಸ್ಟೇಷನ್ನಿನವರೆಗೆ ತಂದಿದ್ದೆ. ರೈಲು ಪ್ಲಾಟ್‌ಫಾರ್ಮಿಗೆ ಬಂದು ನಿಂತಿತ್ತು, ಹುಡುಗ ಬಾಗಿಲಲ್ಲಿ ನಿಂತು ಕೈ ಚಾಚಿದ್ದ. ಅಲ್ಲಿಂದ ಅವಳನ್ನು ತಿರುಗಿಸಿ ಆಟೋ ಹತ್ತಿಸಿ ಮನೆಯ ಹೊಸ್ತಿಲಿಗೆ ತಂದು ಬಿಟ್ಟೆ. ಆ ಹುಡುಗಿ ಹಾಗೆ ಮಾಡುವವಳೇ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಬರೆದೆ, ಬರೆದು ಕಳಿಸಿದೆ.

ಸಂಪಾದಕರು ಫೋನಿನಲ್ಲಿ ಹಾರಾಡಿದರು. "ಏನ್ರಿ ಮೇಡಂ, ಉಂಡ ಮನಿಗೆ ಎರಡು ಬಗೀತೀರಿ?" ಎಂದರು. ಅಚ್ಚಾದ ಮೇಲೆ ಓದುಗರು ಬೈದ ಬೈಗುಳ ಹೇಳತೀರದು. ಮೋಸ, ಹೇಡಿ, ವಯಸ್ಸಾಯಿತು ನಿಲ್ಲಿಸಿರಿ. ಒಬ್ಬಳು ನನ್ನ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದ ಫೋಟೋ ಕಳಿಸಿದಳು. ನಾನು ಯಾರಿಗೂ ಉತ್ತರ ಕೊಡಲಿಲ್ಲ. ಅವ್ವ ಮಾತು ಉಳಿಸಿಕೊಳ್ಳುತ್ತಾಳೋ ಇಲ್ಲವೋ ಎಂಬುದೊಂದೇ ಜೀವ ತಿನ್ನುತ್ತಿತ್ತು. ಸೋಮವಾರ ಬೆಳಿಗ್ಗೆ ಹುಡುಗಿ ಬಸ್ಸು ಹತ್ತಿದಳು. ನನ್ನನ್ನು ನೋಡಿ ಹಿಂದೆ ಹೋಗಿ ಕೂತಳು. ಮಾತಾಡಲಿಲ್ಲ. ಬೇಡ, ಹತ್ತಿದಳಲ್ಲ, ಅಷ್ಟು ಸಾಕು ಎಂದುಕೊಂಡೆ.

ಪರೀಕ್ಷೆ ಎಲ್ಲ ಮುಗಿದು, ಕಾಲೇಜಿನಿಂದ ಯಾವುದೋ ಸರ್ಟಿಫಿಕೇಟ್ ತರಲು ಹೊರಟ ದಿನ ಅವಳಾಗಿಯೇ ಬಂದು ನನ್ನ ಪಕ್ಕದಲ್ಲಿ ಕೂತಳು.

"ಪೇಪರ್ ಎಲ್ಲಾ ಛಲೋ ಆದವರಿ" ಎಂದಳು.

"ನಿನ್ನ ಮಾತು ಕದ್ದೆ ತಂಗಿ. ತಪ್ಪಾತು ನಂದು" ಎಂದೆ. ಇಷ್ಟು ದಿನ ಬಾಯಲ್ಲಿ ಹೊತ್ತು ತಿರುಗಿದ್ದ ಮಾತು.

"ಇರ್ಲಿ ಬಿಡ್ರಿ." ಬಸ್ಸು ನವನಗರ ದಾಟಿತು. ಆಮೇಲೆ ಕೇಳಿದಳು, "ಕಥ್ಯಾಗಿನ ಆಕಿನ್ನ ಯಾಕ ಹೊಳ್ಳಿ ಕರಕೊಂಡು ಬಂದ್ರಿ?"

ನನಗೆ ಸಿಟ್ಟೇ ಬಂತು. "ಯಾಕ ಅಂದ್ರ? ನಿನ್ನ ಸಲುವಾಗಿ. ನಿಮ್ಮವ್ವ ಕುಂತು ಹೇಳಿದ್ದು ನೀನೂ ಕೇಳಿಸಿಕೊಂಡಿ."

"ಅವ್ವ ಹೇಳಿದ್ದು ಖರೇರಿ. ಆದ್ರ ಅದನ್ನ ಓದಿದ ದಿನಾ ಅವ್ವ ಊಟಾ ಮಾಡ್ಲಿಲ್ಲ. ಏನಾತಬೇ ಅಂದ್ರ, ಆಕಿ ಹೋಗಬೇಕಿತ್ತು ಅಂತ ಅತ್ಲು."

ನಾನು ಅವಳ ಮುಖ ನೋಡಿದೆ. ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನಾ ಎಲ್ಲೂ ಹೋಗಾಕಿ ಅಲ್ರಿ, ನನಗ ಅಷ್ಟು ಧೈರ್ಯ ಇಲ್ಲ. ಅವ್ವನ ಕಾಲಂತೂ ಮುಗದs ಹೋತು. ಮನ್ಯಾಗ ನಾವಿಬ್ರೂ, ಕಥ್ಯಾಗಿನ ಆಕಿಯಾದ್ರೂ ಹೋಗ್ಲಿ ಅಂತಿದ್ವಿರಿ."