ಎರಡು ಸೀಟಿನ ಕಾರಿನಲ್ಲಿ ಒಂದು ಚಳಿಗಾಲ

ನನ್ನ ಗಂಡ ಐರ್ಲೆಂಡಿಗೆ ಹೊರಟಾಗ ಮನೆಯಲ್ಲಿ ಬಿಟ್ಟುಹೋದ ವಸ್ತುಗಳ ಪೈಕಿ ಏನು ಮಾಡಬೇಕೆಂದು ನನಗೆ ತಿಳಿಯದೇ ಇದ್ದದ್ದು ಅವರ ಸ್ಪೋರ್ಟ್ಸ್ ಕಾರು ಒಂದೇ. ಬಟ್ಟೆಗಳನ್ನು ಮಡಚಿ ಬೀರುವಿನಲ್ಲಿಟ್ಟೆ. ಪುಸ್ತಕಗಳು ಇದ್ದಲ್ಲೇ ಇದ್ದವು. ಕಾರು ಮಾತ್ರ ಸುಬಾಂಗ್ ಜಯಾದ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ನನ್ನ ಹಳೆಯ ಬಿಳಿ ಕಾರಿನ ಪಕ್ಕದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿ ನಿಂತಿತ್ತು. ಕಡುಹಸಿರು ಬಣ್ಣ, ಬಟ್ಟೆಯ ಮಡಚುವ ಮಾಡು, ಕೈಗೇರು, ಎರಡೇ ಸೀಟು.

ನಾವಿಬ್ಬರೂ ಉಡುಪಿ ಕಡೆಯವರು. ಅವರು ಅರಿವಳಿಕೆ ವೈದ್ಯರು, ನಾನು ಬಯೋಕೆಮಿಸ್ಟ್ರಿ ಕಲಿಸುವವಳು. ಊರು ಬಿಟ್ಟು ಈ ದೇಶದ ಮೆಡಿಕಲ್ ಕಾಲೇಜೊಂದಕ್ಕೆ ಒಟ್ಟಿಗೆ ಬಂದೆವು. ಮಗಳು ಇಲ್ಲೇ ಬೆಳೆದಳು. ಅವಳು ಕೆಲಸ ಸಿಕ್ಕಿ ಪೆನಾಂಗಿಗೆ ಹೋದ ವರ್ಷ ಅವರು ಈ ಸೆಕೆಂಡ್‌ಹ್ಯಾಂಡ್ ಕಾರು ತಂದರು.

"ಮಗಳು ಬಂದ್ರೆ ಎಲ್ಲಿ ಕೂರುದು?" ಎಂದು ಕೇಳಿದ್ದೆ.

"ಅವಳು ಬರುವಾಗ ನಿನ್ನ ಕಾರು ಉಂಟಲ್ಲ," ಎಂದರು.

ಭಾನುವಾರ ಬೆಳಿಗ್ಗೆ ಒಬ್ಬರೇ ಅದರಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದರು. ನಾನು ಒಂದೆರಡು ಸಲ ಜೊತೆಗೆ ಹೋದೆ. ಹತ್ತಿ ಇಳಿಯುವುದರಲ್ಲಿ ಸೊಂಟ ಹಿಡಿಯಿತು, ಬಿಟ್ಟುಬಿಟ್ಟೆ. ಆಮೇಲೆ ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಿಂದ ಒಂದು ವರ್ಷದ ಕೆಲಸದ ಕರೆ ಬಂತು. ನನಗೆ ನನ್ನ ಕಾಲೇಜಿತ್ತು. ಹೋಗಬೇಡಿ ಎಂದು ನಾನು ಹೇಳಲಿಲ್ಲ, ಬಾ ಎಂದು ಅವರು ಕರೆಯಲಿಲ್ಲ. ನಾವು ಜಗಳವಾಡುವ ಪೈಕಿಯವರಲ್ಲ. ಮಗಳು ಮನೆ ಬಿಟ್ಟ ಮೇಲೆ ಊಟ, ಬಿಲ್ಲು, ನಲ್ಲಿ ಸೋರುವುದು, ಇಷ್ಟರಲ್ಲೇ ನಮ್ಮ ದಿನದ ಮಾತು ಮುಗಿದುಹೋಗುತ್ತಿತ್ತು.

ಹೊರಡುವ ದಿನ ಕೀಲಿ ನನ್ನ ಕೈಗೆ ಕೊಟ್ಟು, "ನಿಂಗೆ ಇದನ್ನ ಓಡಿಸ್ಲಿಕ್ಕೆ ಆಗುದಿಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡು, ಸಾಕು," ಎಂದರು.

ಹಾಗೆಯೇ ಮಾಡಿದೆ. ಭಾನುವಾರ ಕೆಳಗಿಳಿದು, ಅದರೊಳಗೆ ಕುಳಿತು, ಕೀಲಿ ತಿರುಗಿಸಿ, ಎದುರಿನ ಸಿಮೆಂಟು ಕಂಬವನ್ನು ನೋಡುತ್ತಾ ಕೂರುತ್ತಿದ್ದೆ. ನೆಲಮಾಳಿಗೆಯ ತುಂಬ ಅದರ ಗುಡುಗು. ಸಂಜೆಯ ಹೊತ್ತಿಗೆ ಅವರ ಫೋನು ಬರುತ್ತಿತ್ತು. ಅಲ್ಲಿ ಆಗ ಬೆಳಿಗ್ಗೆ.

"ಸ್ಟಾರ್ಟ್ ಮಾಡಿದ್ಯಾ?"

"ಮಾಡಿದೆ."

"ಶಬ್ದ ಸರಿ ಉಂಟಾ?"

"ಉಂಟು."

ಆಮೇಲೆ ಅಲ್ಲಿಯ ಚಳಿಯ ವಿಷಯ. ಆಸ್ಪತ್ರೆಗೆ ಹೋಗುವ ಮೊದಲು ಕಾರಿನ ಗಾಜಿನ ಮೇಲಿನ ಹಿಮ ಕೆರೆಯಬೇಕು, ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಇಲ್ಲಿ ನಾಲ್ಕು ಗಂಟೆಗೆ ಮಳೆ ಬರ್ತದೆ ಎನ್ನುತ್ತಿದ್ದೆ. ಅಲ್ಲಿಗೆ ಫೋನು ಮುಗಿಯುತ್ತಿತ್ತು.

ನವೆಂಬರಿನಲ್ಲಿ ಒಂದು ಭಾನುವಾರ ಕೀಲಿ ತಿರುಗಿಸಿದರೆ ಕಟಕಟ ಎಂದಿತೇ ಹೊರತು ಹೊತ್ತಲಿಲ್ಲ. ಸೀಟಿನ ಚರ್ಮದ ಮೇಲೆ ಬೂದಿ ಚೆಲ್ಲಿದಂತೆ ಬೂಸ್ಟು ಹಿಡಿದಿತ್ತು. ಪುಚೊಂಗ್‌ನಿಂದ ಬಂದ ಗ್ಯಾರೇಜಿನ ತಮಿಳರೊಬ್ಬರು ಬ್ಯಾಟರಿ ಬದಲಿಸಿ, "ನಿಕ್ಕ ವೆಚ್ಚಾ ಕೆಟ್ಟು ಪೋಯಿಡುಂ ಅಕ್ಕಾ. ಓಟ್ಟಣುಂ," ಎಂದರು. ನಿಲ್ಲಿಸಿಟ್ಟರೆ ಕೆಡುತ್ತದೆ, ಓಡಿಸಬೇಕು. ಅದನ್ನು ಗಂಡನಿಗೆ ಹೇಳಿದಾಗ, "ಯಾರಿಗಾದ್ರೂ ಹೇಳಿ ಓಡಿಸು," ಎಂದರು. ಯಾರಿಗೆ ಹೇಳುವುದು? ಇಲ್ಲಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸೈಬರ್‌ಜಯಾದ ಐಟಿ ಹುಡುಗರು ಸಾಲುಗಟ್ಟಿ ಬರುತ್ತಿದ್ದರು. ಆದರೆ ಯಜಮಾನರೆಲ್ಲಿ, ಯಾಕೆ ಹೋದರು, ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗಳೂ ಅವರ ಜೊತೆಗೇ ಬರುತ್ತಿದ್ದವು.

ನಾನೇ ಕಲಿತೆ. ನನ್ನ ಬಿಳಿ ಕಾರು ಆಟೊಮ್ಯಾಟಿಕ್, ಆದರೂ ಮಣಿಪಾಲದಲ್ಲಿ ಕಲಿತಿದ್ದ ಕ್ಲಚ್ಚು ಕಾಲಿಗೆ ಪೂರ್ತಿ ಮರೆತಿರಲಿಲ್ಲ. ಬೆಳಗಿನ ಹೊತ್ತು ಕಾಲೇಜಿನ ಖಾಲಿ ಪಾರ್ಕಿಂಗಿನಲ್ಲಿ ಸುತ್ತು ಹಾಕಿದೆ. ಸುಬಾಂಗಿನ ಸಿಗ್ನಲ್ಲೊಂದರಲ್ಲಿ ಮತ್ತೆ ಮತ್ತೆ ಎಂಜಿನ್ನು ಆಫ್ ಮಾಡಿಕೊಂಡೆ. ಹಿಂದಿನವರು ಹಾರ್ನ್ ಒತ್ತಿದಾಗ ಹೆದರಿದೆ, ಆದರೆ ಇಳಿದು ಓಡಿಹೋಗಲಿಲ್ಲ. ಡಿಸೆಂಬರ್ ಬರುವ ಹೊತ್ತಿಗೆ ಕಾಲೇಜಿಗೂ ಅದರಲ್ಲೇ ಹೋಗತೊಡಗಿದ್ದೆ.

ಮಳೆಗಾಲಕ್ಕೆ ಮಾಡಿದ ಕಾರಲ್ಲ ಅದು. ಮಧ್ಯಾಹ್ನ ಮೋಡ ಕವಿದು ಹೆದ್ದಾರಿಯ ಮೇಲೆ ಮಳೆ ಸುರಿದರೆ, ಪಕ್ಕದ ಲಾರಿಯ ಚಕ್ರ ನನ್ನ ಕಿವಿಯ ಮಟ್ಟಕ್ಕೆ ಉರುಳುತ್ತಿತ್ತು. ಅದು ಎರಚಿದ ನೀರು ಗಾಜಿಗೆ ಬಡಿದಾಗ ಒಂದು ಕ್ಷಣ ಏನೂ ಕಾಣುತ್ತಿರಲಿಲ್ಲ. ಮಾಡಿನ ಹೊಲಿಗೆಯಿಂದ ಎಡಗಡೆಯ ಖಾಲಿ ಸೀಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ ಒಂದು ಟವೆಲು ಹಾಸಿ, ಮನೆಗೆ ಬಂದು ಹಿಂಡಿ ಒಣಗಿಸುವುದು ದಿನಚರಿಯಾಯಿತು. ಆದರೂ ಬಿಳಿ ಕಾರಿನ ಕೀಲಿ ಎತ್ತಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಆ ಕಾರಿನಲ್ಲಿ ಹಿಂದಿನ ಸೀಟಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ಇದರಲ್ಲಿ ಖಾಲಿ ಇರುವುದು ಒಂದೇ ಸೀಟು.

ನಾನು ಓಡಿಸುತ್ತಿದ್ದೇನೆಂದು ಅವರಿಗೆ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ. ಶಬ್ದ ಸರಿ ಉಂಟಾ ಎಂದು ಅವರು ಕೇಳುತ್ತಿದ್ದರು, ಉಂಟು ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚಿನದಕ್ಕೆ ಆ ಮಾತಿನಲ್ಲಿ ಜಾಗವಿರಲಿಲ್ಲ.

ವರ್ಷದ ಕೊನೆಗೆ ಮಗಳು ರಜೆಗೆ ಬರುವುದಿತ್ತು. ಇಬ್ಬರೂ ಇದೇ ಕಾರಿನಲ್ಲಿ ಕ್ಯಾಮರಾನ್ ಹೈಲ್ಯಾಂಡ್ಸ್‌ಗೆ ಹೋಗುವುದೆಂದು ಮಾತಾಗಿತ್ತು. ಈ ದೇಶದಲ್ಲಿ ಸ್ವೆಟರ್ ಹಾಕಿಕೊಳ್ಳಬಹುದಾದ ಕೆಲವೇ ಜಾಗಗಳಲ್ಲಿ ಅದೊಂದು. ಹಿಂದಿನ ದಿನ ಫೋನು ಮಾಡಿದಳು.

"ಅಮ್ಮಾ, ಐ ಕಾಂಟ್ ಮೇಕ್ ಇಟ್ ಲಾ. ವರ್ಕ್ ಈಸ್ ಕ್ರೇಜಿ."

"ಆಯ್ತು ಮಗಾ. ಊಟ ಮಾಡಿದ್ಯಾ?"

"ಹೋಟೆಲಿಂದ ತಪಾವ್ ಮಾಡ್ಕೊಂಡು ಬಂದೆ, ವಿಲ್ ಈಟ್." ಆಮೇಲೆ, "ಅಮ್ಮಾ, ಹ್ಯಾವ್ ಯೂ ಸ್ಪೋಕನ್ ಟು ಅಪ್ಪಾ? ಪ್ರಾಪರ್ಲಿ?" ಎಂದಳು.

"ಭಾನುವಾರ ಮಾತಾಡ್ತೇವಲ್ಲ."

"ನಾಟ್ ಅಬೌಟ್ ದ ಕಾರ್, ಅಮ್ಮಾ."

ಮತ್ತೆ ಯಾವುದರ ಬಗ್ಗೆ ಎಂದು ನಾನು ಕೇಳಲಿಲ್ಲ. ಫೋನಿಟ್ಟ ಮೇಲೆ ಚಪಾತಿಗೆ ಕಲಸಿಟ್ಟ ಹಿಟ್ಟಿನ ಮುಂದೆ ತುಂಬ ಹೊತ್ತು ನಿಂತಿದ್ದೆ. ದಾರಿಗೆಂದು ಇಬ್ಬರಿಗಾಗುವಷ್ಟು ಕಲಸಿದ್ದೆ.

ಬೆಳಿಗ್ಗೆ ಒಬ್ಬಳೇ ಹೊರಟೆ. ತಾಪಾದಲ್ಲಿ ಹೆದ್ದಾರಿ ಬಿಟ್ಟು ಹಳೆಯ ಘಟ್ಟದ ದಾರಿ ಹಿಡಿದೆ. ಹಿಡಿದ ತಿರುವು ಮುಗಿಯುವ ಮೊದಲೇ ಇನ್ನೊಂದು ತಿರುವು. ಎರಡು, ಮೂರು, ಮತ್ತೆ ಎರಡು, ಕೈ ಗೇರಿನ ಮೇಲೇ ಇರಬೇಕು. ಈ ಕಾರನ್ನು ಇಂಥ ರಸ್ತೆಗೆಂದೇ ಮಾಡಿದ್ದಾರೆಂದು ನನಗೆ ಅಂದು ಗೊತ್ತಾಯಿತು. ಮನೆಯ ನೆಲಮಾಳಿಗೆಯಲ್ಲಿ ಗುಡುಗುತ್ತಿದ್ದ ಎಂಜಿನ್ನು ಇಲ್ಲಿ ಹಾಡಿನ ಹಾಗೆ ಏರಿ ಇಳಿಯುತ್ತಿತ್ತು. ಬಿದಿರಿನ ಗುಡಿಸಲುಗಳ ಮುಂದೆ ಜೇನಿನ ಬಾಟಲಿ ಇಟ್ಟುಕೊಂಡು ಕುಳಿತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ನನಗೆ ಖುಷಿಯಾಗಿತ್ತು. ಖುಷಿಯಾದದ್ದನ್ನು ಯಾರಿಗಾದರೂ ಹೇಳಬೇಕೆನಿಸಿ ಎಡಕ್ಕೆ ತಿರುಗಿದೆ. ಟವೆಲಿತ್ತು.

ಮೇಲೆ, ಚಹಾ ಗುಡ್ಡಗಳು ಕಾಣುವ ಒಂದು ಕಡೆ ನಿಲ್ಲಿಸಿ ಮಾಡು ಮಡಚಿದೆ. ತಣ್ಣನೆಯ ಗಾಳಿ ಕತ್ತಿನೊಳಗೆ ಇಳಿಯಿತು. ಶಾಲು ಹೊದ್ದುಕೊಂಡು ಚಪಾತಿ ತಿಂದೆ. ಗಡಿಯಾರ ನೋಡಿ, ಅಲ್ಲಿ ಅವರು ಎದ್ದಿರುತ್ತಾರೆಂದು ಲೆಕ್ಕ ಹಾಕಿ ಫೋನು ಮಾಡಿದೆ. ನಾನಾಗಿ ಮಾಡಿದ್ದು ಅದೇ ಮೊದಲು.

"ಎಂಥ ಆಯ್ತು?" ಎಂದರು ಗಾಬರಿಯಿಂದ.

"ಏನೂ ಇಲ್ಲ. ಕ್ಯಾಮರಾನ್‌ನಲ್ಲಿದ್ದೇನೆ. ನಿಮ್ಮ ಕಾರಿನಲ್ಲಿ ಬಂದೆ."

"ಯಾರು ಓಡಿಸಿದ್ದು?"

"ನಾನೇ."

ಆ ಕಡೆಯಿಂದ ಕೆಟಲಿನ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು. "ತಾಪಾ ದಾರಿಯಲ್ಲಾ?" ಎಂದು ಕೇಳಿದರು.

"ಹೌದು. ಇಲ್ಲಿ ಚಳಿ ಉಂಟು. ಮಾಡು ತೆಗೆದು ಕೂತಿದ್ದೇನೆ."

"ಒಳ್ಳೇದಾಯ್ತು," ಎಂದರು. ಆಮೇಲೆ, ತಯಾರು ಮಾಡಿ ಇಟ್ಟುಕೊಂಡಿದ್ದ ಮಾತನ್ನು ಇಳಿಸುವವರಂತೆ ಹೇಳಿದರು: "ನಾನಿಲ್ಲಿ ಮುಂದುವರಿಸ್ತೇನೆ ಅಂತ ಬರೆದುಕೊಟ್ಟೆ. ಆ ಕಡೆ ಬರ್ತೇನೆ ಅಂತ ಕಾಣುದಿಲ್ಲ. ನಿಂಗೆ ಹೇಳ್ಬೇಕು ಹೇಳ್ಬೇಕು ಅಂತ ಇದ್ದೆ."

"ಬೇರೆ ಯಾರಾದ್ರೂ ಉಂಟಾ?"

"ಛೆ, ಹಾಗೇನಿಲ್ಲ. ಇಲ್ಲಿ ಒಬ್ಬನೇ ಇರ್ಲಿಕ್ಕೆ ಅಭ್ಯಾಸ ಆಯ್ತು. ಸಮಾಧಾನ ಉಂಟು." ಹಾಗೆಂದವರೇ, "ಕಾರು ಮಾರಿಬಿಡು," ಎಂದರು.

ಯಾರೋ ಇದ್ದಾರೆ ಎಂದಿದ್ದರೆ ಸಿಟ್ಟಾದರೂ ಬರುತ್ತಿತ್ತೇನೋ. ಯಾರೂ ಇಲ್ಲದಿರುವುದೇ ನನ್ನ ಜೊತೆ ಇರುವುದಕ್ಕಿಂತ ಅವರಿಗೆ ಸಮಾಧಾನ ಎಂಬುದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಆಯ್ತು ಎಂದು ಫೋನು ಇಟ್ಟೆ. ಅಷ್ಟರಲ್ಲಿ ಗುಡ್ಡದಾಚೆಯಿಂದ ಮಂಜು ಇಳಿದು ಬಂದು ಚಹಾ ಗಿಡಗಳ ಸಾಲು ಒಂದೊಂದಾಗಿ ಅಳಿಸಿಹೋಯಿತು. ಹನಿ ಶುರುವಾಯಿತು. ಮಾಡು ಎಳೆದುಕೊಂಡು ಹೊರಟೆ.

ಇಳಿಯುವಾಗ ದಾರಿಯೇ ಕಾಣಲಿಲ್ಲ. ಒಂದು ಕಡೆ ಗೋಡೆಯಂಥ ಮಣ್ಣು, ಇನ್ನೊಂದು ಕಡೆ ಬರೀ ಬಿಳಿ. ಕ್ಲಚ್ಚು ಒತ್ತಿದ್ದು ಕಾಲಿಗೆ ತಿಳಿಯುತ್ತಿರಲಿಲ್ಲ. ಒಂದು ತಿರುವಿನಲ್ಲಿ ತರಕಾರಿ ತುಂಬಿದ ಲಾರಿ ಮುಂದೆ ಸಿಕ್ಕಿತು. ಅದರ ಹಿಂದಿನ ಎರಡು ಕೆಂಪು ದೀಪಗಳಿಗೆ ಕಣ್ಣು ಅಂಟಿಸಿಕೊಂಡೆ. ಅದು ನಿಧಾನಿಸಿದಾಗ ನಿಧಾನಿಸಿದೆ, ತಿರುಗಿದಾಗ ತಿರುಗಿದೆ. ಘಟ್ಟ ಇಳಿಯುವವರೆಗೆ ಗಂಡನ ಬಗ್ಗೆ ಒಂದು ಯೋಚನೆಯೂ ಬರಲಿಲ್ಲ.

ಕೆಳಗೆ ತಾಪಾದ ಒಂದು ಮಾಮಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನ ಮುಂದೆ ಲಾರಿ ನಿಂತಿತು. ನಾನೂ ನಿಲ್ಲಿಸಿದೆ. ಲಾರಿಯಿಂದ ಇಳಿದದ್ದು ಬನಿಯನ್ನು ಹಾಕಿಕೊಂಡಿದ್ದ ವಯಸ್ಸಾದ ಚೀನೀಯರೊಬ್ಬರು. ನನ್ನ ಹತ್ತಿರ ಬಂದು ಕಾರನ್ನು, ಆಮೇಲೆ ನನ್ನನ್ನು ನೋಡಿದರು.

"ಆಂಟೀ, ಯೂ ಸೋ ನಿಯರ್ ಮೈ ಬ್ಯಾಕ್‌ಸೈಡ್," ಎಂದರು. "ಐ ಬ್ರೇಕ್, ಯೂ ಗೋ ಅಂಡರ್ ಲಾ."

"ಸಾರಿ. ಏನೂ ಕಾಣ್ತಿರಲಿಲ್ಲ," ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋದರೆ ಅಳು ಬಂತು. ಅವರು ಗಾಬರಿಯಾಗಿ ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಎಳೆದರು, ಹೋಟೆಲಿನವರಿಗೆ ಎರಡು ಟೀ ಹೇಳಿದರು. ಏನಾಯಿತೆಂದು ಕೇಳಲಿಲ್ಲ. ಈ ವರ್ಷ ಟೊಮೆಟೊಗೆ ಮಳೆ ಹೆಚ್ಚಾಯಿತೆಂದೂ ಎಲೆಕೋಸು ಚೆನ್ನಾಗಿ ಬಂದಿದೆಯೆಂದೂ ಹೇಳುತ್ತಾ ಕುಳಿತರು. ಹೊರಡುವಾಗ ಲಾರಿಯಿಂದ ಒಂದು ಚೀಲ ಎಲೆಕೋಸು ಇಳಿಸಿ ನನ್ನ ಪಕ್ಕದ ಸೀಟಿನ ಮೇಲಿಟ್ಟರು. ಚೀಲ ಎಷ್ಟು ಭಾರವಿತ್ತೆಂದರೆ, ಬೆಲ್ಟು ಹಾಕಿಲ್ಲವೆಂದು ಕಾರು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳತೊಡಗಿತು. ಎಲೆಕೋಸಿಗೆ ಬೆಲ್ಟು ಹಾಕಿ ಮನೆಗೆ ಬಂದೆ. ಅರ್ಧದಷ್ಟನ್ನು ನೆರೆಯವರಿಗೆ ಹಂಚಿದೆ. ಮಿಕ್ಕದ್ದರಲ್ಲಿ ಪಲ್ಯ ಮಾಡಿ ಮಾಡಿ ಸಾಕಾಯಿತು.

ಮುಂದಿನ ಭಾನುವಾರದ ಫೋನಿನಲ್ಲಿ, "ಕಾರು ಮಾರುವುದಿಲ್ಲ. ನನ್ನ ಹೆಸರಿಗೆ ಮಾಡಿಕೊಡಿ," ಎಂದೆ.

ಅವರು ಆಶ್ಚರ್ಯಪಟ್ಟದ್ದು ತಿಳಿಯಿತು. ಆದರೆ ವಾದಿಸಲಿಲ್ಲ. ಚೀನೀ ಹೊಸವರ್ಷದ ರಜೆ ಮುಗಿದ ಮೇಲೆ ಕಾರಿನ ಕೆಲಸಕ್ಕೂ ತಮ್ಮ ಮಿಕ್ಕ ಸಾಮಾನು ಒಯ್ಯುವುದಕ್ಕೂ ಒಂದು ವಾರ ಬಂದರು. ವಿಮಾನ ನಿಲ್ದಾಣಕ್ಕೆ ಬಿಳಿ ಕಾರು ಒಯ್ಯಬಹುದಿತ್ತು. ನಾನು ಇದನ್ನೇ ಒಯ್ದೆ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಪೆಟ್ಟಿಗೆ ಹಿಂದೆ ಹಿಡಿಸಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಅದರ ಮೇಲಿನಿಂದ ಇಣುಕುತ್ತಾ ಕುಳಿತರು. ತೆಳ್ಳಗಾಗಿದ್ದರು, ಮುಖ ಬಿಳಿಚಿತ್ತು, ಗಡ್ಡ ಬಿಟ್ಟಿದ್ದರು. ಹೆದ್ದಾರಿಗೆ ಸೇರುವಾಗ ನಾನು ಗೇರು ಬದಲಿಸುವ ಹೊತ್ತಿಗೆ ಸರಿಯಾಗಿ ಅವರ ಎಡಗಾಲು, ಅಲ್ಲೊಂದು ಕ್ಲಚ್ಚಿದ್ದಂತೆ, ಕೆಳಗಿನ ಚಾಪೆಯನ್ನು ಒತ್ತಿತು. ಇಬ್ಬರೂ ನೋಡಿದೆವು.

ಆ ವಾರ ಮಗಳ ಕೋಣೆಯಲ್ಲಿ ಮಲಗಿದರು. ಮಗಳೂ ಒಂದು ದಿನ ಬಂದು ಹೋದಳು. ಮೂವರೂ ಬಿಳಿ ಕಾರಿನಲ್ಲಿ ಹೋಗಿ ಬಾಳೆಯೆಲೆ ಊಟ ಮಾಡಿ ಬಂದೆವು. ಅವಳು ಇಬ್ಬರ ಮುಖವನ್ನೂ ನೋಡುತ್ತಾ ತಾನೊಬ್ಬಳೇ ಮಾತಾಡಿದಳು. ಕಾರು ನನ್ನ ಹೆಸರಿಗೆ ಆಯಿತು. ಮಾಡಿನ ಹೊಲಿಗೆ ಸೋರುವುದನ್ನು ತೋರಿಸಿದಾಗ ಅವರು ಬೆರಳಾಡಿಸಿ ನೋಡಿ, "ಇಷ್ಟು ಮಳೆಯಲ್ಲಿ ನಾನು ಇದನ್ನ ಹೊರಗೇ ತೆಗಿತಿರ್ಲಿಲ್ಲ," ಎಂದರು.

ಹೊರಡುವ ದಿನ ನಿರ್ಗಮನ ದ್ವಾರದ ಮುಂದೆ ನಿಲ್ಲಿಸಿದೆ. ಹಿಂದೆ ಕಾರುಗಳ ಸಾಲು. ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ದೊಡ್ಡ ಸಾಮಾನು ಮೊದಲೇ ಕಳಿಸಿಯಾಗಿತ್ತು, ಕೈಯಲ್ಲೊಂದು ಚೀಲ ಮಾತ್ರ. ಬಾಗಿಲು ತೆರೆದರು, ಆದರೆ ಅಷ್ಟು ತಗ್ಗಿನ ಸೀಟಿನಿಂದ ಅವರಿಗೆ ಏಳಲಾಗಲಿಲ್ಲ. ಚಾಲಕನ ಸೀಟಿನಿಂದ ಸ್ಟೀರಿಂಗ್ ಹಿಡಿದು ಏಳುವುದೇ ಅವರಿಗೆ ರೂಢಿ; ಈ ಕಡೆ ಹಿಡಿಯಲು ಏನೂ ಇರಲಿಲ್ಲ. ನಾನು ಇಳಿದು ಸುತ್ತಿ ಬಂದು ಎರಡೂ ಕೈ ನೀಡಿದೆ. ಹಿಡಿದುಕೊಂಡು ಎದ್ದರು. ನಾವು ಹಾಗೆ ಕೈ ಹಿಡಿದು ಎಷ್ಟು ಕಾಲವಾಗಿತ್ತೋ ನನಗೆ ನೆನಪಿಲ್ಲ. ಅಂಗೈ ತಣ್ಣಗಿತ್ತು.

"ನಿನ್ನ ಸೊಂಟಕ್ಕೆ ಈಗ ನೋವಾಗುದಿಲ್ವಾ, ಇದರಲ್ಲಿ ಕೂತು?" ಎಂದು ಕೇಳಿದರು.

"ಆಗ್ತದೆ," ಎಂದೆ.

ಹಿಂದಿನವರು ಹಾರ್ನ್ ಒತ್ತಿದರು. ಅವರು ಕೈ ಬಿಟ್ಟು, ತಲೆಯಾಡಿಸಿ, ಗಾಜಿನ ಬಾಗಿಲೊಳಗೆ ಹೋದರು. ನಾನು ಕಾರಿನೊಳಗೆ ಕುಳಿತು ಮೊದಲ ಗೇರಿಗೆ ಹಾಕಿದೆ. ಬಿಸಿಲು ಚುರುಗುಟ್ಟುತ್ತಿತ್ತು; ರಸ್ತೆಯ ಮೇಲೆ ಒಂದು ಹನಿ ನೀರಿರಲಿಲ್ಲ. ಕಾಲೇಜಿನಲ್ಲಿ ಮಧ್ಯಾಹ್ನ ಎರಡನೇ ವರ್ಷದವರ ತರಗತಿಯಿತ್ತು. ಮನೆಗೆ ಹೋಗದೆ ಸೀದಾ ಅಲ್ಲಿಗೇ ಹೋದೆ.